ಗಾಲಿಕುರ್ಚಿಯಲ್ಲಿ ಮರುಭೂಮಿಯ ಹಕ್ಕಿಗಳತ್ತ

ಪ್ರಶ್ನೆ: ಮಾರ್ಚ್ ಕೊನೆಗೆ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರಿದ್ದೇವೆ. ಅಮ್ಮನಿಗೆ ಗಾಲಿಕುರ್ಚಿ ಬೇಕು. ಅವರೂ ಹಕ್ಕಿ ನೋಡಬಹುದಾದ ದಾರಿ ಇದೆಯೇ?

ಉತ್ತರ: ಇದೆ, ಟ್ವೆಂಟಿನೈನ್ ಪಾಮ್ಸ್ ಊರಿನಲ್ಲಿರುವ ‘ಓಯಸಿಸ್ ಆಫ್ ಮಾರಾ’. ಸುಮಾರು 800 ಮೀಟರ್‌ನ ಸಮತಟ್ಟಾದ ಸುತ್ತುದಾರಿ. ಗಾಲಿಕುರ್ಚಿ ಸಲೀಸಾಗಿ ಸಾಗುತ್ತದೆ.

ಬೆಳಗ್ಗೆ ಬೇಗ ಹೋಗಿ. ಬಿಸಿಲೇರಿದರೆ ಹಕ್ಕಿಗಳು ಪೊದೆ ಸೇರುತ್ತವೆ. ನೆಲದ ಕಾವಿಗೆ ಗಾಳಿಯೂ ಅಲುಗಾಡಿ, ಬೈನಾಕ್ಯುಲರ್‌ನಲ್ಲಿ ದೂರದ ಹಕ್ಕಿ ಕಲಸಿದಂತೆ ಕಾಣುತ್ತದೆ. ಹಾಗಾಗಿ 8×42 ಬೈನಾಕ್ಯುಲರ್ (8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಮಸೂರದ್ದು) ಸಾಕು. 12 ಪಟ್ಟಿನದು ಕೈನಡುಕವನ್ನೂ ಹಿಗ್ಗಿಸುತ್ತದೆ.

ಮೊದಲು ಮೆಸ್ಕೀಟ್ ಗಿಡಗಳನ್ನು ಗಮನಿಸಿ (ನಮ್ಮ ಬಳ್ಳಾರಿ ಜಾಲಿಯ ದಾಯಾದಿ). ಬಂದಳಿಕೆ ಹಬ್ಬಿದ ಕೊಂಬೆಯಿದ್ದರೆ ಅಲ್ಲೇ ಕುರ್ಚಿ ನಿಲ್ಲಿಸಿ ಹದಿನೈದು ನಿಮಿಷ ಕಾಯಿರಿ: ಅದರ ಹಣ್ಣಿಗೆ ಫೈನೋಪೆಪ್ಲಾ ಎಂಬ ಹಕ್ಕಿ ಬರುತ್ತದೆ. ಗಂಡು ಮಿರುಗುವ ಕಪ್ಪು, ಕೆಂಪು ಕಣ್ಣು, ತಲೆಗೊಂದು ಜುಟ್ಟು. ಹಾರಿದಾಗ ರೆಕ್ಕೆಯ ಬಿಳಿ ಮಚ್ಚೆ ಹೊಳೆಯುತ್ತದೆ. ಗ್ಯಾಂಬೆಲ್ ಕ್ವೇಲ್‌ಗಳು (ಲಾವಕ್ಕಿಯಂಥ ಹಕ್ಕಿಗಳು) ಪೊದೆಯ ಬುಡದಲ್ಲಿ ಗುಂಪಾಗಿ ಓಡುತ್ತವೆ. ಕುರ್ಚಿಯ ಎತ್ತರದಿಂದ ಇವು ಇನ್ನೂ ಚೆನ್ನಾಗಿ ಕಾಣುತ್ತವೆ. ತಾಳೆಯ ಒಣಗರಿಗಳಡಿ ಹುಡೆಡ್ ಓರಿಯೋಲ್ ಎಂಬ ಹಕ್ಕಿ ಗೂಡು ಹೆಣೆಯುತ್ತದೆ.

ಮೊಬೈಲಿನಲ್ಲಿ ಕೂಗು ನುಡಿಸಿ ಕರೆಯಬೇಡಿ. ಗೂಡಿನ ಕಾಲದಲ್ಲಿ ಹಕ್ಕಿ ಮರಿಗಳನ್ನು ಬಿಟ್ಟು ಜಗಳಕ್ಕೆ ಬರುತ್ತದೆ. ದಾರಿ ಬಿಟ್ಟಿಳಿದರೆ ಮುಳ್ಳು ಟೈರಿಗೂ ಚುಚ್ಚುತ್ತದೆ.