ರಣಹದ್ದು ಇಲ್ಲವಾಗಿದ್ದಕ್ಕೆ 5 ಲಕ್ಷ ಜನ ಸತ್ತರೇ? ಆ ಲೆಕ್ಕ ಹಾಕಿದ್ದು ಹೇಗೆ?

ರಣಹದ್ದುಗಳು ನಾಶವಾಗಿದ್ದರಿಂದ ಭಾರತದಲ್ಲಿ 5 ಲಕ್ಷ ಜನ ಸತ್ತರು ಎಂಬ ಸುದ್ದಿ ಓದಿ, ಇದು ನಿಜವಾ, ಇಂಥದ್ದನ್ನು ಲೆಕ್ಕ ಹಾಕೋದಕ್ಕೆ ಆಗುತ್ತಾ, ದನ ಸಾಕುವವರು ಈಗೇನು ಮಾಡಬೇಕು ಅಂತ ಕೇಳಿದ್ದೀರಿ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಈ ಸಂಶೋಧನೆಯನ್ನು ತರಗತಿಯಲ್ಲಿ ವಿವರಿಸುತ್ತಲೇ ಇರುತ್ತೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಆ 5 ಲಕ್ಷ ಜನರ ಪಟ್ಟಿ ಎಲ್ಲೂ ಇಲ್ಲ. ಯಾವ ಮರಣ ಪ್ರಮಾಣಪತ್ರದಲ್ಲೂ ರಣಹದ್ದಿನ ಹೆಸರು ಇರುವುದಿಲ್ಲ. ಅದು ಅಂದಾಜು. ಆದರೆ ಸುಮ್ನೆ ಬಾಯಿಗೆ ಬಂದ ಅಂದಾಜಲ್ಲ. ಹೇಗೆ ಅಂತ ತಿಳಿಯಬೇಕಾದರೆ ಮೊದಲು ಒಂದು ಔಷಧದ ಕಥೆ ಗೊತ್ತಿರಬೇಕು.

ಡೈಕ್ಲೋಫೆನಾಕ್ ಹೆಸರು ಕೇಳಿರುತ್ತೀರಿ, ಮಂಡಿನೋವು, ಬೆನ್ನುನೋವಿಗೆ ನಾವೇ ನುಂಗುವ ಮಾತ್ರೆ. 1994ರ ಹೊತ್ತಿಗೆ ಇದು ಅಗ್ಗವಾಯಿತು, ದನಗಳಿಗೂ ಕೊಡತೊಡಗಿದರು. ಕೆಚ್ಚಲು ಬಾವು, ಕಾಲುನೋವು, ಜ್ವರ, ಎಲ್ಲಕ್ಕೂ ಒಂದು ಇಂಜೆಕ್ಷನ್. ಇಂಜೆಕ್ಷನ್ ಕೊಟ್ಟ ಕೆಲವೇ ದಿನಗಳಲ್ಲಿ ದನ ಸತ್ತರೆ ಔಷಧ ಮಾಂಸದಲ್ಲೇ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಕಿಡ್ನಿ ಕೆಡುತ್ತದೆ. ಯೂರಿಕ್ ಆಮ್ಲ ದೇಹದಿಂದ ಹೊರಹೋಗದೆ ಒಳಗಿನ ಅಂಗಗಳ ಮೇಲೆ ಬಿಳಿ ಪುಡಿಯ ಹಾಗೆ ಕೂರುತ್ತದೆ. ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ.

ಇದನ್ನು ಕಂಡುಹಿಡಿಯಲು ಹತ್ತು ವರ್ಷ ಬೇಕಾಯಿತು. ರಾಜಸ್ಥಾನದ ಭರತ್‌ಪುರದಲ್ಲಿ ಹಕ್ಕಿಗಳು ಸಾಯುವುದನ್ನು ಪಕ್ಷಿತಜ್ಞ ವಿಭು ಪ್ರಕಾಶ್ 90ರ ದಶಕದಲ್ಲೇ ಗಮನಿಸಿದ್ದರು. ಯಾವುದೋ ವೈರಸ್ ಇರಬೇಕು ಎಂಬ ಅನುಮಾನ ಬಹಳ ಕಾಲ ಇತ್ತು. ಕೊನೆಗೆ ಉತ್ತರ ಸಿಕ್ಕಿದ್ದು ಪಾಕಿಸ್ತಾನದಲ್ಲಿ. ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಸತ್ತ ಹಕ್ಕಿಗಳ ಕಿಡ್ನಿ ಪರೀಕ್ಷಿಸಿದರು. ಕಿಡ್ನಿ ಕೆಟ್ಟು ಸತ್ತ 25 ಹಕ್ಕಿಗಳಲ್ಲಿ ಎಲ್ಲದರಲ್ಲೂ ಡೈಕ್ಲೋಫೆನಾಕ್ ಇತ್ತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. 2004ರಲ್ಲಿ ಇದು ಪ್ರಕಟವಾಯಿತು. 2006ರಲ್ಲಿ ಭಾರತ ಜಾನುವಾರುಗಳಿಗೆ ಈ ಔಷಧ ಕೊಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ. 99ಕ್ಕೂ ಹೆಚ್ಚು ಹೋಗಿಬಿಟ್ಟಿದ್ದವು. ನೂರಕ್ಕೆ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿ ವಿಷ ಇದ್ದರೂ ಇಷ್ಟು ನಾಶಕ್ಕೆ ಸಾಕು ಅಂತ ಲೆಕ್ಕಾಚಾರ ಹೇಳುತ್ತದೆ. ಒಂದು ಹೆಣಕ್ಕೆ ಹತ್ತಾರು ಹಕ್ಕಿ ಒಟ್ಟಿಗೆ ಇಳಿಯುತ್ತವಲ್ಲ!

ಈಗ ನಿಮ್ಮ ಪ್ರಶ್ನೆಗೆ ಬರೋಣ. ಷಿಕಾಗೋ ವಿಶ್ವವಿದ್ಯಾಲಯದ ಇಯಾಲ್ ಫ್ರಾಂಕ್ ಮತ್ತು ವಾರ್ವಿಕ್ ವಿಶ್ವವಿದ್ಯಾಲಯದ ಅನಂತ್ ಸುದರ್ಶನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಈ 5 ಲಕ್ಷದ ಲೆಕ್ಕವನ್ನು 2024ರಲ್ಲಿ ಪ್ರಕಟಿಸಿದರು. ಅವರು ಮಾಡಿದ್ದು ಇಷ್ಟು. ದೇಶದ ಜಿಲ್ಲೆಗಳನ್ನು ಎರಡು ಗುಂಪು ಮಾಡಿದರು. ಒಂದು, ರಣಹದ್ದುಗಳು ಬದುಕಲು ಒಗ್ಗುವ ಜಿಲ್ಲೆಗಳು. ಇನ್ನೊಂದು, ಮೊದಲಿಂದಲೂ ಅಷ್ಟಾಗಿ ಒಗ್ಗದ ಜಿಲ್ಲೆಗಳು. ಎರಡೂ ಕಡೆ ಸಾವಿನ ಪ್ರಮಾಣವನ್ನು ವರ್ಷ ವರ್ಷವೂ ನೋಡಿದರು. 1994ರ ತನಕ ಎರಡೂ ಗೆರೆಗಳು ಜೊತೆಯಲ್ಲೇ ಸಾಗುತ್ತವೆ. ಆಮೇಲೆ ಹದ್ದುಗಳಿದ್ದ ಜಿಲ್ಲೆಗಳ ಗೆರೆ ಮೇಲಕ್ಕೆ ಹೋಗುತ್ತದೆ, ಸಾವಿನ ಪ್ರಮಾಣ ಶೇ. 4ಕ್ಕಿಂತ ಜಾಸ್ತಿಯಾಗುತ್ತದೆ. 2000ರಿಂದ 2005ರ ನಡುವೆ ವರ್ಷಕ್ಕೆ ಸುಮಾರು 1 ಲಕ್ಷ ಹೆಚ್ಚಿನ ಸಾವು. 5 ಲಕ್ಷ ಬಂದದ್ದು ಅಲ್ಲಿಂದ.

ಜಾಣತನ ಇರುವುದು ಈ ಹೋಲಿಕೆಯಲ್ಲೇ. '90ರ ದಶಕದಲ್ಲಿ ಎಷ್ಟೋ ಬದಲಾಯಿತು, ಆರ್ಥಿಕ ನೀತಿ ಬದಲಾಯಿತು, ಹದ್ದನ್ನೇ ಯಾಕೆ ಹಿಡಿದುಕೊಂಡಿರಿ?' ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಆ ಬದಲಾವಣೆ ಎರಡೂ ಗುಂಪಿನ ಜಿಲ್ಲೆಗಳಿಗೂ ಆಯಿತು ಅಲ್ವಾ? ಹದ್ದಿದ್ದ ಜಿಲ್ಲೆಗಳಲ್ಲಿ ಮಾತ್ರ, ಅದೂ ಆ ಔಷಧ ಬಂದ ಹೊತ್ತಿಗೇ ಸಾವು ಯಾಕೆ ಏರಬೇಕು? ಇನ್ನೊಂದು ಸುಳಿವೂ ಇದೆ. ಸಾವು ಹೆಚ್ಚು ಏರಿದ್ದು ಜಾನುವಾರು ಜಾಸ್ತಿ ಇರುವ ನಗರ ಪ್ರದೇಶಗಳಲ್ಲಿ. ಸತ್ತ ದನಗಳನ್ನು ತಂದು ಸುರಿಯುವ ಜಾಗಗಳಿದ್ದದ್ದು ಅಲ್ಲೇ.

ಹಕ್ಕಿ ಹೋದರೆ ಮನುಷ್ಯ ಸಾಯುವುದು ಹೇಗೆ? ನಮ್ಮಲ್ಲಿ ಹೆಚ್ಚಿನವರು ದನದ ಮಾಂಸ ತಿನ್ನುವುದಿಲ್ಲ. ಸತ್ತ ದನವನ್ನು ಊರಾಚೆ ಹಾಕಿದರೆ ರಣಹದ್ದುಗಳು ಒಂದೆರಡು ಗಂಟೆಯೊಳಗೆ ಮೂಳೆ ಬಿಟ್ಟು ಮಿಕ್ಕಿದ್ದೆಲ್ಲ ಮುಗಿಸುತ್ತಿದ್ದವು. ಅವು ಹೋದ ಮೇಲೆ ಮಾಂಸ ಕೊಳೆಯಿತು. ನಾಯಿಗಳೂ ಇಲಿಗಳೂ ಹೆಚ್ಚಿದವು. ಹದ್ದಿನಷ್ಟು ಚೊಕ್ಕವಾಗಿ ಇವು ತಿನ್ನುವುದಿಲ್ಲ, ಜೊತೆಗೆ ರೋಗ ಹರಡುತ್ತವೆ. ಹೆಣಗಳು ನದಿ, ಕೆರೆಗೂ ಬಿದ್ದವು. ಆ ಜಿಲ್ಲೆಗಳಲ್ಲಿ ಬೀದಿನಾಯಿಗಳ ಸಂಖ್ಯೆ, ರೇಬೀಸ್ ಲಸಿಕೆಯ ಮಾರಾಟ ಏರಿದ್ದನ್ನೂ ನೀರು ಕೆಟ್ಟದ್ದನ್ನೂ ಅದೇ ಸಂಶೋಧನೆ ತೋರಿಸುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, 5 ಲಕ್ಷ ಎಂಬ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಿದ ಹಾಗೆ ಹಿಡಿಯಬೇಡಿ. ಲೆಕ್ಕದ ದಾರಿ ಸ್ವಲ್ಪ ಬದಲಾದರೂ ಅಂಕಿ ಹಿಂದೆ ಮುಂದೆ ಆಗಬಹುದು. ಆದರೆ ಸಾವು ಏರಿತು, ಅದಕ್ಕೂ ಹದ್ದಿಗೂ ನಂಟಿದೆ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ದನಕ್ಕೆ ಕೊಡುವ ಔಷಧ, ಆ ದನವನ್ನು ತಿನ್ನುವ ಹಕ್ಕಿಗೆ ಏನು ಮಾಡುತ್ತದೆ ಅಂತ ಮಾರುಕಟ್ಟೆಗೆ ಬಿಡುವ ಮೊದಲೇ ನೋಡಬಹುದಿತ್ತು. ಯಾರೂ ನೋಡಲಿಲ್ಲ. ನಿಷೇಧದ ನಂತರವೂ ಮನುಷ್ಯರಿಗೆಂದು ಬರುವ ದೊಡ್ಡ ಬಾಟಲಿಗಳನ್ನು ದನಗಳಿಗೆ ಬಳಸುತ್ತಿದ್ದರು. ಅದಕ್ಕೇ 2015ರಲ್ಲಿ ಇಂಜೆಕ್ಷನ್ ಬಾಟಲಿಯನ್ನು 3 ಮಿ.ಲೀ.ಗೆ ಇಳಿಸಬೇಕಾಯಿತು.

ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುವುದು. ಹಾಗಾಗಿ ನಿಷೇಧವಾದ ತಕ್ಷಣ ಸಂಖ್ಯೆ ಏರುವುದಿಲ್ಲ. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಿದರು. ಅಲ್ಲಿ ಈಗಲೂ ಇರುವುದು ಬೆರಳೆಣಿಕೆಯಷ್ಟು.

ನಿಮ್ಮ ಮನೆಯಲ್ಲಿ ದನ ಇದ್ದರೆ, ಮುಂದಿನ ಸಲ ದನದ ಡಾಕ್ಟರ್ ಬಂದಾಗ ನೋವಿನ ಇಂಜೆಕ್ಷನ್ ಯಾವುದು ಅಂತ ಕೇಳಿ. ಮೆಲಾಕ್ಸಿಕ್ಯಾಮ್, ಟಾಲ್ಫೆನಾಮಿಕ್ ಆಸಿಡ್ ಎರಡೂ ಹದ್ದಿಗೆ ತೊಂದರೆ ಮಾಡುವುದಿಲ್ಲ ಅಂತ ಪರೀಕ್ಷೆಯಲ್ಲಿ ಗೊತ್ತಾಗಿದೆ. ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಬೇಡ. ಎರಡನ್ನೂ ಜಾನುವಾರುಗಳಿಗೆ ಕೊಡಬಾರದು ಅಂತ 2023ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದೆ. ಹಳೇ ಸ್ಟಾಕ್ ಇದೆ, ಅಗ್ಗಕ್ಕೆ ಕೊಡ್ತೀನಿ ಅಂತ ಯಾರಾದರೂ ಅಂದರೆ ದಯವಿಟ್ಟು ತಗೋಬೇಡಿ.