ಮಂತ್ರ ಬಾಯಲ್ಲಿದ್ದರೆ ಸಾಲದು

ಹ್ಯಾರಿ ಪಾಟರ್ ಪುಸ್ತಕಗಳ ಮಂತ್ರಗಳ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಪತ್ರಗಳು ರಾಶಿ ಬಂದಿವೆ. ಶಾಲೆಯ ಲೈಬ್ರರಿಯಲ್ಲಿ 19 ವರ್ಷ ಈ ಏಳು ಪುಸ್ತಕಗಳನ್ನು ಮಕ್ಕಳ ಕೈಗೆ ಕೊಟ್ಟು, ವಾಪಸ್ ಇಸಿದುಕೊಂಡು, ಕಿತ್ತು ಬಂದದ್ದನ್ನು ಹೊಲಿದವಳು ನಾನು. ನಾಲ್ಕು ಪತ್ರಗಳನ್ನು ಆರಿಸಿದ್ದೇನೆ. ಕೊನೆಯದಕ್ಕೆ ಜಾಸ್ತಿ ಜಾಗ ಬೇಕಾಯಿತು.

ಮಂತ್ರ ಸರಿಯಾಗಿ ಹೇಳಿದರೆ ಸಾಕಲ್ವಾ? ಮಂತ್ರದ ಕೋಲು ಬೀಸುವುದು ಬರೀ ತೋರಿಕೆಗಾ?
– ಏಳನೇ ತರಗತಿ ವಿದ್ಯಾರ್ಥಿನಿ, ಹಾಸನ

ತೋರಿಕೆಗಲ್ಲ ಪುಟ್ಟಿ. ಮೊದಲ ಪುಸ್ತಕದಲ್ಲಿ ಫ್ಲಿಟ್‌ವಿಕ್ ಮೇಷ್ಟ್ರ ಪಾಠ ನೆನಪು ಮಾಡಿಕೋ. ಮುಂದೆ ಒಂದು ಹಕ್ಕಿಗರಿ. 'ವಿಂಗಾರ್ಡಿಯಂ ಲೆವಿಯೋಸಾ' ಎಂದು ಅದನ್ನು ಗಾಳಿಯಲ್ಲಿ ಮೇಲೆತ್ತಬೇಕು. ಹ್ಯಾರಿಯ ಗೆಳೆಯ ರಾನ್ ಉದ್ದ ಕೈಗಳನ್ನು ಬೀಸಿದ್ದೇ ಬೀಸಿದ್ದು, ಗರಿ ಅಲ್ಲಾಡಲಿಲ್ಲ. ಮಣಿಕಟ್ಟು ಮಾತ್ರ ತಿರುಗಿ ಚಿಮ್ಮಬೇಕು. 'ಗಾ' ದೀರ್ಘ ಬರಬೇಕು. ಅವರ ತರಗತಿಯ ಹರ್ಮಾಯ್ನಿ ಅದನ್ನೇ ತಿದ್ದಿದ್ದು. ಒಂದಕ್ಷರ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಮೇಷ್ಟ್ರು ಬರೂಫಿಯೋ ಎಂಬ ಮಾಂತ್ರಿಕನ ಕಥೆ ಹೇಳುತ್ತಾರೆ. ಒಂದು ಅಕ್ಷರದ ಬದಲು ಇನ್ನೊಂದನ್ನು ಅಂದುಬಿಟ್ಟ, ಕಣ್ಣು ಬಿಟ್ಟರೆ ನೆಲದ ಮೇಲೆ ಬಿದ್ದಿದ್ದ, ಎದೆ ಮೇಲೆ ಎಮ್ಮೆ!

ನಮ್ಮ ಲೈಬ್ರರಿಯಲ್ಲಿ ಇಬ್ಬರು ಹುಡುಗಿಯರು ಪೆನ್ಸಿಲ್ ಹಿಡಿದು, ಒಂದು ಚೂರು ಹತ್ತಿಯನ್ನು ಮೇಜಿನ ಮೇಲಿಟ್ಟು ಇದನ್ನೇ ಅಭ್ಯಾಸ ಮಾಡುತ್ತಿದ್ದರು. "ಗಾ ಎಳಿ ಕಣೇ, ಗಾ ಎಳಿ" ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು. ಹ್ರಸ್ವ ದೀರ್ಘ ಕಲಿತು ಬೆಳೆದ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಆದರೆ ಅವತ್ತೇ ಸಾಯಂಕಾಲ ಏನಾಯಿತು? ಟ್ರೋಲ್ ಎಂಬ ದೈತ್ಯ ಹರ್ಮಾಯ್ನಿಯನ್ನು ಮೂಲೆಗೆ ಒತ್ತಿದಾಗ, ಬೆಳಗ್ಗೆ ಗರಿ ಎತ್ತಲಾಗದ ಅದೇ ರಾನ್ ದೈತ್ಯನ ದೊಣ್ಣೆಯನ್ನೇ ಮೇಲೆತ್ತಿ ಅವನ ತಲೆಗೆ ಬೀಳಿಸುತ್ತಾನೆ. ನಾಲಿಗೆ, ಕೈ ಎರಡರ ಜೊತೆ ಮನಸ್ಸೂ ಸೇರಿದ್ದು ಆಗ.

'ಅವಾಡ ಕೆಡಾವ್ರಾ' ಎಂಬ ಕೊಲ್ಲುವ ಶಾಪಕ್ಕೂ ಜಾದೂಗಾರರ 'ಅಬ್ರಕಡಬ್ರ'ಕ್ಕೂ ಸಂಬಂಧ ಇದೆಯಾ?
– ಬ್ಯಾಂಕ್ ಉದ್ಯೋಗಿ, ಬಳ್ಳಾರಿ

ಇದೆ ಎಂದು ಬರೆದವರೇ ಹೇಳಿದ್ದಾರೆ. 2004ರಲ್ಲಿ ಎಡಿನ್‌ಬರೋದಲ್ಲಿ ಓದುಗರ ಜೊತೆ ಮಾತಾಡುವಾಗ ರೌಲಿಂಗ್, ಇದು ಅರಮಾಯಿಕ್ ಭಾಷೆಯ ಹಳೆಯ ಮಂತ್ರ, ಕಾಯಿಲೆ 'ನಾಶವಾಗಲಿ' ಎನ್ನಲು ಬಳಸುತ್ತಿದ್ದರು ಎಂದಿದ್ದರು. ಕಾಯಿಲೆಯ ಜಾಗದಲ್ಲಿ ಎದುರಿಗಿರುವ ಮನುಷ್ಯನನ್ನು ಇಟ್ಟದ್ದು ಅವರದೇ ಕಲ್ಪನೆ.

ಅಬ್ರಕಡಬ್ರ ನಮಗೆ ಮೊದಲು ಸಿಗುವುದು ಸುಮಾರು 1800 ವರ್ಷ ಹಿಂದೆ ಸೆರೆನಸ್ ಸಮೋನಿಕಸ್ ಎಂಬ ರೋಮನ್ ಪಂಡಿತ ಬರೆದ ವೈದ್ಯದ ಪದ್ಯದಲ್ಲಿ. ಜ್ವರ ಬಂದವರಿಗೆ ಈ ಮಾತನ್ನು ಬರೆಯಬೇಕು. ಲ್ಯಾಟಿನ್‌ನಲ್ಲಿ 11 ಅಕ್ಷರ. ಕೆಳಗಿನ ಸಾಲಿನಲ್ಲಿ ಒಂದಕ್ಷರ ಕಮ್ಮಿ, ಅದರ ಕೆಳಗೆ ಇನ್ನೊಂದು ಕಮ್ಮಿ, ಕೊನೆಗೆ ಒಂದೇ ಅಕ್ಷರ. ಅದನ್ನು ನಾರಿನ ದಾರದಲ್ಲಿ ಕುತ್ತಿಗೆಗೆ ಕಟ್ಟಬೇಕು. ಮಾತು ಸವೆದಂತೆ ಜ್ವರವೂ ಸವೆಯಲಿ ಎಂಬ ಆಸೆ. ಮಗುವಿನ ಜ್ವರಕ್ಕೆ ತಾಯತ ಕಟ್ಟಿಸಿದ ಅಜ್ಜಿಯರನ್ನು ಕಂಡ ನಮಗೆ ಆ ರೋಮನ್ ತಾಯಂದಿರು ದೂರದವರು ಅನ್ನಿಸುವುದಿಲ್ಲ.

ಮಂತ್ರದಿಂದ ಎಲ್ಲ ಆಗುತ್ತದೆ ಅಂದಮೇಲೆ ಹ್ಯಾರಿ, ರಾನ್, ಹರ್ಮಾಯ್ನಿ ಟೆಂಟಿನಲ್ಲಿ ಯಾಕೆ ಹಸಿದುಕೊಂಡಿದ್ದರು?
– ಒಂಬತ್ತನೇ ತರಗತಿ ವಿದ್ಯಾರ್ಥಿ, ಸಾಗರ

ಎಲ್ಲ ಆಗುವುದಿಲ್ಲ, ಅದೇ ವಿಷಯ. ಮಂತ್ರದಿಂದ ಒಂದನ್ನು ಇನ್ನೊಂದಾಗಿ ಮಾರ್ಪಡಿಸುವುದಕ್ಕೆ ಗ್ಯಾಂಪ್ ಎಂಬುವರ ನಿಯಮ ಅಂತ ಒಂದಿದೆ. ಅದಕ್ಕೆ ಐದು ವಿನಾಯಿತಿ, ಮೊದಲನೆಯದು ಅನ್ನಾಹಾರ. ಇರುವ ಊಟವನ್ನು ಹತ್ತಿರ ಕರೆಸಬಹುದು, ಹೆಚ್ಚಿಸಬಹುದು. ಏನೂ ಇಲ್ಲದ ಕಡೆ ಹುಟ್ಟಿಸಲು ಆಗದು. ಏಳನೇ ಪುಸ್ತಕದಲ್ಲಿ ಸೀದುಹೋದ ಮೀನು ತಿನ್ನುವಾಗ ರಾನ್ ಗೊಣಗುತ್ತಾನೆ, ಹರ್ಮಾಯ್ನಿ ಈ ನಿಯಮ ಹೇಳಿ ರೇಗುತ್ತಾಳೆ. ನಿನಗೆ ಅದು ಕಥೆಯ ದೋಷ ಅನ್ನಿಸಿದೆ. ನನಗೆ ಅದೇ ಕಥೆಯ ಬಲ. ಅಷ್ಟು ದೊಡ್ಡ ಮಾಂತ್ರಿಕರ ಮನೆಯಲ್ಲೂ ಯಾರೋ ಅಡುಗೆ ಮಾಡಲೇಬೇಕು.

ನನ್ನ ಮಗನಿಗೆ ಹತ್ತು ವರ್ಷ. ಹೋದ ವರ್ಷ ನಮ್ಮ ಯಜಮಾನರು ತೀರಿಕೊಂಡರು. ಅವನೀಗ ಈ ಪುಸ್ತಕಗಳನ್ನು ಓದುತ್ತಿದ್ದಾನೆ. ಮೊನ್ನೆ, "ಅಮ್ಮಾ, ಅಷ್ಟೆಲ್ಲ ಮಂತ್ರ ಬರುತ್ತಲ್ಲ, ಹ್ಯಾರಿ ಅವರಪ್ಪನ್ನ ಯಾಕೆ ವಾಪಸ್ ಕರೆಸಲ್ಲ?" ಎಂದ. ನನಗೆ ಉತ್ತರ ತೋಚಲಿಲ್ಲ. ಏನು ಹೇಳಲಿ ಅಕ್ಕಾ?
– ಒಬ್ಬ ತಾಯಿ, ಹಾವೇರಿ

ತಂಗೀ, ನಿಮ್ಮ ಪತ್ರ ಮೂರು ದಿನ ನನ್ನ ಮೇಜಿನ ಮೇಲಿತ್ತು.

ಮೊದಲು ಇದ್ದದ್ದು ಇದ್ದ ಹಾಗೆ ಹೇಳಿ. ಆ ಲೋಕದಲ್ಲೂ ಸತ್ತವರನ್ನು ಬದುಕಿಸುವ ಮಂತ್ರ ಇಲ್ಲ. ಎಲ್ಲರಿಗಿಂತ ದೊಡ್ಡ ಮಾಂತ್ರಿಕ ಡಂಬಲ್‌ಡೋರ್ ಅವರಿಗೂ ಅದು ಆಗುವುದಿಲ್ಲ. ಮಕ್ಕಳಿಗೆ ಸುಮ್ನೆ ಸಮಾಧಾನ ಹೇಳಿದರೆ ಗೊತ್ತಾಗಿಬಿಡುತ್ತದೆ.

ಆಮೇಲೆ ಮೂರನೇ ಪುಸ್ತಕ ತೆಗೆಯಿರಿ. ಅದರಲ್ಲಿ ಡಿಮೆಂಟರ್‌ಗಳು ಬರುತ್ತವೆ. ಹತ್ತಿರ ಬಂದರೆ ಮೈ ತಣ್ಣಗಾಗಿ, ಒಳಗಿನ ಸಂತೋಷವೆಲ್ಲ ಬಸಿದುಹೋಗುತ್ತದೆ. ಅವುಗಳನ್ನು ಓಡಿಸುವ ಮಂತ್ರ 'ಎಕ್ಸ್‌ಪೆಕ್ಟೋ ಪಟ್ರೋನಮ್'. ಲೂಪಿನ್ ಮೇಷ್ಟ್ರು ಕಲಿಸುತ್ತಾರೆ. ಮಂತ್ರ ಹೇಳುವಾಗ ತುಂಬ ಸಂತೋಷದ ಒಂದು ನೆನಪನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಹಿಡಿದಿರಬೇಕು. ಹ್ಯಾರಿ ಮೊದಲು ಪೊರಕೆಯ ಮೇಲೆ ಹಾರಿದ ದಿನವನ್ನು ನೆನೆಯುತ್ತಾನೆ. ಸಾಲುವುದಿಲ್ಲ. ಮೂರ್ಛೆ ಹೋಗುತ್ತಾನೆ.

ಅವನಿಗೆ ಕಷ್ಟವಾಗಿದ್ದು ಮಂತ್ರವಲ್ಲ. ಡಿಮೆಂಟರ್ ಹತ್ತಿರ ಬಂದಾಗ ಅವನಿಗೆ ಅಪ್ಪ ಅಮ್ಮ ಸಾಯುವ ಹೊತ್ತಿನ ದನಿ ಕೇಳಿಸುತ್ತದೆ. ಅವನು ಅವರ ದನಿ ಕೇಳಿದ್ದೇ ಅಲ್ಲಿ. ಅದಕ್ಕೇ ಅವನ ಮನಸ್ಸಿನ ಅರ್ಧ ಆ ದನಿ ಇನ್ನೂ ಕೇಳಲಿ ಎನ್ನುತ್ತಿರುತ್ತದೆ. ಈ ಪುಟವನ್ನು ನಿಮ್ಮ ಮಗನ ಪಕ್ಕ ಕೂತು ಜೋರಾಗಿ ಓದಿ. ಅವನಿಗೆ ಅರ್ಥವಾಗುತ್ತದೆ. ನಿಮಗೂ.

ಕೊನೆಗೆ ಕೆರೆಯ ದಂಡೆ. ಡಿಮೆಂಟರ್‌ಗಳು ಸುತ್ತುವರಿದಿವೆ, ಹ್ಯಾರಿ ಕುಸಿದಿದ್ದಾನೆ. ಆಚೆ ದಡದಿಂದ ಯಾರೋ ಆ ಮಂತ್ರ ಹೇಳಿ ಕಾಪಾಡುತ್ತಾರೆ. ನೋಡಿದರೆ ಥೇಟ್ ಅಪ್ಪನ ಹಾಗೆ. ಮುಂದೆ ಅವನು ಕಾಲದಲ್ಲಿ ಮೂರು ಗಂಟೆ ಹಿಂದಕ್ಕೆ ಹೋಗಿ, ಅದೇ ಆಚೆ ದಡದ ಪೊದೆಯ ಹಿಂದೆ ಕಾಯುತ್ತಾನೆ, ಅಪ್ಪ ಈಗ ಬರುತ್ತಾರೆ, ಈಗ ಬರುತ್ತಾರೆ ಎಂದು. ಯಾರೂ ಬರುವುದಿಲ್ಲ. ತಾನು ಕಂಡದ್ದು ತನ್ನನ್ನೇ ಎಂದು ಆಗ ಹೊಳೆಯುತ್ತದೆ. ಮಂತ್ರ ಹೇಳುತ್ತಾನೆ. ಕೋಲಿನ ತುದಿಯಿಂದ ಬೆಳ್ಳಿ ಬಣ್ಣದ ಗಂಡು ಜಿಂಕೆ ಹೊರಬರುತ್ತದೆ. ಅವನ ಅಪ್ಪ ಬದುಕಿದ್ದಾಗ ತಾಳುತ್ತಿದ್ದ ರೂಪ ಅದೇ.

ನಮ್ಮ ಲೈಬ್ರರಿಯ ಮೂರನೇ ಪುಸ್ತಕ ಈ ಅಧ್ಯಾಯದ ಹತ್ತಿರವೇ ಎರಡು ಭಾಗವಾಗಿತ್ತು. ಅಷ್ಟು ಮಕ್ಕಳು ಅಲ್ಲಿ ತೆರೆದಿಟ್ಟುಕೊಂಡು ಓದಿದ್ದರು. ಒಂದು ಮಧ್ಯಾಹ್ನ ಹೊಲಿಯಲು ಕೂತೆ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಎರಡು ಸಲ ಹೊಸೆದು, ಸೂಜಿಯನ್ನು ಬೆಳಕಿಗೆ ಹಿಡಿದೆ. ಹಾಗೇ ಕೈ ನಿಂತುಬಿಟ್ಟಿತು. ನಮ್ಮಪ್ಪ ದರ್ಜಿ. ನನಗೆ 14 ವರ್ಷವಿದ್ದಾಗ ಹೋದರು. ಅವರು ಹಾಗೇ ಮಾಡುತ್ತಿದ್ದರು, ಎರಡೇ ಸಲ ಹೊಸೆಯುತ್ತಿದ್ದರು. ಯಾರೂ ನನಗೆ ಅದನ್ನು ಕಲಿಸಿರಲಿಲ್ಲ.

ನಿಮ್ಮ ಹುಡುಗ ಹೇಗೆ ನಡೆಯುತ್ತಾನೆ, ತಟ್ಟೆಯಲ್ಲಿ ಅನ್ನ ಹೇಗೆ ಕಲಸುತ್ತಾನೆ, ನಗು ಬಂದಾಗ ಏನು ಮಾಡುತ್ತಾನೆ ನೋಡಿ. ಅವರಪ್ಪನ ಹಾಗೇ ಇರುವುದು ಯಾವುದು ಎಂದು ನಿಮಗೆ ಮಾತ್ರ ಗೊತ್ತಿರುತ್ತದೆ. ಅದನ್ನು ಅವನಿಗೆ ಹೇಳಿ. ಒಟ್ಟಿಗೆ ಅತ್ತರೂ ಪರವಾಗಿಲ್ಲ. ಡಿಮೆಂಟರ್ ಹೋದಮೇಲೆ ಲೂಪಿನ್ ಮೇಷ್ಟ್ರು ಮಕ್ಕಳಿಗೆ ಚಾಕೊಲೇಟ್ ಕೊಡುತ್ತಾರೆ. ಒಂದು ತಂದಿಟ್ಟುಕೊಂಡು ಓದಲು ಕೂರಿ.

ಕೆರೆಯ ಅಧ್ಯಾಯ ಓದಿದ ಮೇಲೆ ಅವನು ಏನಂದ ಎಂದು ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.