ಗೌಜುಗ ಮರಿಗೆ ಮೊದಲ ವಾರ ಬೈರಾಸು, ಆಮೇಲೆ ಉಮಿ

ನಿಮ್ಮ ಪ್ರಶ್ನೆ ಇಷ್ಟು: ಜುಲೈಯಲ್ಲಿ ಒಂದು ದಿನದ 50 ಗೌಜುಗ (ಕ್ವೇಲ್) ಮರಿ ಬರುತ್ತವೆ, ಬ್ರೂಡರಿನ, ಅಂದರೆ ಮರಿಗಳನ್ನು ಬಲ್ಬಿನಿಂದ ಬೆಚ್ಚಗಿಡುವ ಪೆಟ್ಟಿಗೆಯ, ಅಡಿಗೆ ಏನು ಹಾಸಬೇಕು? ಪಕ್ಕದ ಮಿಲ್ಲಿನಲ್ಲಿ ಮರದ ಹುಡಿ ಪುಕ್ಕಟೆ ಸಿಗುತ್ತದೆ, ಅದನ್ನೇ ಹಾಕಿದರೆ ಆಗದಾ?

ಆಗದು. ಮೊದಲ ವಾರ ಅಂತೂ ಬೇಡವೇ ಬೇಡ. ಮೊದಲ ಐದಾರು ದಿನ ಬಟ್ಟೆ ಹಾಸಿ, ಆಮೇಲೆ ಒಣಗಿದ ಉಮಿಗೆ ಬದಲಾಯಿಸಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವಿನ ಮನೆ. ಗೌಜುಗ ಅಂದರೆ ಇಲ್ಲಿ ಅರ್ಧ ಜನಕ್ಕೆ ತಿಳಿಯುವುದಿಲ್ಲ, ಮಲಯಾಳದ ‘ಕಾಡ’ ಅಂದರೆ ತಕ್ಷಣ ತಿಳಿಯುತ್ತದೆ. ಮೊಟ್ಟೆಗೆ ಅಂತ ಕೆಲವು ವರ್ಷಗಳಿಂದ ಸಾಕುತ್ತಿದ್ದೇನೆ. ಕೋಳಿಮರಿ ಸಾಕಿ ಗೊತ್ತಿತ್ತು, ಇದು ಅದರದ್ದೇ ಸಣ್ಣ ಸೈಜು ಅಂತ ತಿಳಿದು ಶುರು ಮಾಡಿದೆ. ಅಲ್ಲೇ ತಪ್ಪಿದ್ದು.

ಮೊಟ್ಟೆ ಒಡೆದು ಬಂದ ಗೌಜುಗ ಮರಿ 7-8 ಗ್ರಾಂ ಇರುತ್ತದೆ ಅಷ್ಟೆ. ಹೆಚ್ಚುಕಡಿಮೆ ಒಂದು ಚಾಲಿ ಅಡಿಕೆಯ ತೂಕ. ಆದರೆ ಹುಟ್ಟಿದ ದಿನವೇ ಓಡುತ್ತದೆ, ಗುಂಡು ಹೊಡೆದ ಹಾಗೆ. ಆ ಓಟಕ್ಕೆ ಕಾಲಿನ ಅಡಿಯಲ್ಲಿ ಹಿಡಿತ ಬೇಕು. ನಾನು ಮೊದಲ ಸಲ 30 ಮರಿ ತಂದಾಗ ನ್ಯೂಸ್ ಪೇಪರ್ ಹಾಸಿದ್ದೆ. ಕೋಳಿಮರಿಗೆ ಹಾಕಿ ಏನೂ ಆಗಿರಲಿಲ್ಲವಲ್ಲ! ಮೂರನೇ ದಿನಕ್ಕೆ ನಾಲ್ಕು ಮರಿಗಳ ಕಾಲು ಎರಡು ಕಡೆಗೂ ಜಾರಿಹೋಗಿತ್ತು. ಈಜುವ ಕಪ್ಪೆಯ ಹಾಗೆ ಹೊಟ್ಟೆ ನೆಲಕ್ಕೆ ತಾಗಿಸಿ ಬಿದ್ದಿದ್ದವು. ಎದ್ದು ನಿಲ್ಲಲಿಕ್ಕೆ ಆಗದ ಮರಿ ಆಹಾರದ ತಟ್ಟೆಯವರೆಗೆ ಹೋಗುವುದಿಲ್ಲ, ಬೇರೆ ಮರಿಗಳು ತುಳಿಯುತ್ತವೆ, ಅಲ್ಲಿಗೆ ಕಥೆ ಮುಗಿಯಿತು. ಎರಡು ಉಳಿದವು. ಎರಡು ಕಾಲನ್ನೂ ಸಹಜವಾಗಿ ನಿಲ್ಲುವಷ್ಟು ಅಂತರದಲ್ಲಿಟ್ಟು, ಬ್ಯಾಂಡೇಜು ಪಟ್ಟಿಯ ಸಪೂರ ತುಂಡಿನಿಂದ ಸಂಕೋಲೆಯ ಹಾಗೆ ಜೋಡಿಸಿ, ಎರಡು ಮೂರು ದಿನ ಬಿಟ್ಟೆ. ನಿಮಗೂ ಹಾಗಾದರೆ ಕಂಡ ದಿನವೇ ಕಟ್ಟಬೇಕು. ವಾರ ಕಳೆದ ಮೇಲೆ ಕಟ್ಟಿ ಪ್ರಯೋಜನ ಇಲ್ಲ.

ಅಡಿಕೆ ಹಾಳೆ ಹಾಸಬಹುದಲ್ಲ ಅಂತ ಒಬ್ಬರು ಕೇಳಿದ್ದರು. ಒಳಮೈ ನುಣುಪು, ಪೇಪರಿಗಿಂತಲೂ ಜಾಸ್ತಿ ಜಾರುತ್ತದೆ. ಬೇಡ.

ಬಟ್ಟೆ ಅಂದರೆ ಹಳೆಯ ಬೈರಾಸು, ಮೈ ಒರೆಸುವ ತೆಳು ಹತ್ತಿ ಬಟ್ಟೆ. ಒಗೆದು ಒಗೆದು ಮೆತ್ತಗಾದ ತೆಳ್ಳಗಿನ ಬೈರಾಸಿನಷ್ಟು ಒಳ್ಳೆಯದು ಮತ್ತೊಂದಿಲ್ಲ. ಆದರೆ ಅಂಚಿನಲ್ಲಿ ನೂಲು ಬಿಟ್ಟಿದ್ದರೆ ಕತ್ತರಿಸಿ ತೆಗೆಯಿರಿ. ಒಂದು ನೂಲು ಕಾಲಿಗೆ ಸುತ್ತಿದರೆ ಸಾಕು, ಮರಿ ಓಡಿದಷ್ಟೂ ಬಿಗಿಯುತ್ತದೆ. ಟರ್ಕಿ ಟವೆಲ್ ಕೂಡ ಬೇಡ, ಅದರ ಕುಣಿಕೆಗಳಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ಅಡಿಕೆ ಸಿಪ್ಪೆಯ ನಾರು ಹಾಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಕಪಾಟಿಗೆ ಹಾಸುವ, ತೂತು ತೂತಾದ ರಬ್ಬರ್ ಮ್ಯಾಟು ಮನೆಯಲ್ಲಿದ್ದರೆ ಅದೂ ಆಗುತ್ತದೆ. ತೊಳೆದು ಮತ್ತೆ ಹಾಕಬಹುದು.

ಬಟ್ಟೆಯ ಕೆಳಗೆ ರಟ್ಟಿನ ಪೆಟ್ಟಿಗೆಯ ಎರಡು ಪದರ ಇಡಿ. ಮಳೆಗಾಲದಲ್ಲಿ ನಮ್ಮ ಸಿಮೆಂಟು ನೆಲ ಎಷ್ಟು ತಣ್ಣಗಿರುತ್ತದೆ ಅಂತ ನಿಮಗೇ ಗೊತ್ತು. ಮೇಲಿನಿಂದ ಬಲ್ಬು ಕಾಯಿಸುತ್ತಿದ್ದರೂ ಕೆಳಗಿನಿಂದ ನೆಲ ಶಾಖ ಎಳೆದುಕೊಳ್ಳುತ್ತದೆ. ಮೊದಲ ವಾರ ಮರಿಯ ಮಟ್ಟದಲ್ಲಿ 35-37 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬಹುದು. (ಎಲ್‌ಇಡಿ ಬಲ್ಬು ಹಾಕಿ ‘ಬೆಳಕು ಬರುತ್ತಿದೆ, ಮರಿ ಯಾಕೆ ಸಾಯುತ್ತಿದೆ’ ಅಂತ ಕೇಳಿದವರನ್ನು ನೋಡಿದ್ದೇನೆ. ಕಾಯಿಸಲಿಕ್ಕೆ ಹಳೆಯ ಕಾಲದ ತಂತಿ ಬಲ್ಬೇ ಆಗಬೇಕು.)

ಈಗ ನಿಮ್ಮ ಪುಕ್ಕಟೆ ಮರದ ಹುಡಿಗೆ ಬರೋಣ. ಮೊದಲ ದಿನಗಳಲ್ಲಿ ಮರಿಗೆ ಯಾವುದು ಆಹಾರ, ಯಾವುದು ಅಲ್ಲ ಅಂತ ಗೊತ್ತಿರುವುದಿಲ್ಲ. ಸಣ್ಣಗೆ ಕಂಡದ್ದನ್ನೆಲ್ಲ ಕುಕ್ಕುತ್ತದೆ. ನೀವು ಹಾಕುವ ಸ್ಟಾರ್ಟರ್ ಫೀಡೂ ಹುಡಿ, ಕೆಳಗಿರುವುದೂ ಹುಡಿ. ಮರದ ಹುಡಿ ತಿಂದರೆ ಹೊಟ್ಟೆ ತುಂಬಿದ ಹಾಗಾಗುತ್ತದೆ, ಆಹಾರ ಇಳಿಯುವುದಿಲ್ಲ, ಕೊರಳ ಚೀಲದಲ್ಲಿ ಕಟ್ಟಿಕೊಳ್ಳುತ್ತದೆ. ಮರಿ ಸತ್ತಾಗ ಅದು ಹಸಿವೆಯಿಂದ ಸತ್ತಿದ್ದು ಅಂತ ಯಾರಿಗೂ ಅನಿಸುವುದಿಲ್ಲ. ಅದರ ಮೇಲೆ ಹುಡಿಯ ಧೂಳು ಬೇರೆ. ಬಟ್ಟೆಯ ಮೇಲಾದರೆ ಮೊದಲ ದಿನ ಆಹಾರವನ್ನೇ ಅಲ್ಲಲ್ಲಿ ಚೆಲ್ಲಬಹುದು, ಕುಕ್ಕಿದ್ದೆಲ್ಲ ಆಹಾರವೇ ಆಗಿರುತ್ತದೆ. ಐದಾರು ದಿನದಲ್ಲಿ ಅವು ತಟ್ಟೆ ಕಲಿಯುತ್ತವೆ.

ಮರದ್ದೇ ಬೇಕಾದರೆ ಆಚಾರಿಯ ಹತ್ತಿರ ಕೀಸುಳಿ ಹೊಡೆದ ಸಿಪ್ಪೆ ಕೇಳಿ. ಸುರುಳಿ ಸುರುಳಿಯಾಗಿ ಅಗಲಕ್ಕೆ ಇರುವುದರಿಂದ ನುಂಗಲಿಕ್ಕೆ ಆಗುವುದಿಲ್ಲ. ಎರಡನೇ ವಾರದಿಂದ ಧಾರಾಳ ಬಳಸಬಹುದು. ಮಾವು, ಹಲಸು ಆದರೆ ಒಳ್ಳೆಯದು. ಗೆದ್ದಲಿನ ಮದ್ದು ಬಳಿದ ಹಳೆಯ ಮರದ್ದು, ಅಂಟು ಹಾಕಿದ ಪ್ಲೈವುಡ್ಡಿನದ್ದು ಬೇಡ. ಫರ್ನಿಚರ್ ಅಂಗಡಿಯ ಮೂಲೆಯಿಂದ ಗುಡಿಸಿ ಕೊಡುವ ಚೀಲದಲ್ಲಿ ಇವೆಲ್ಲ ಬೆರೆತಿರುತ್ತವೆ. ಹಾಗಾಗಿ ಮರ ಯಾವುದು ಅಂತ ಕೇಳಿಯೇ ತನ್ನಿ.

ನಾನು ಹಾಕುವುದು ಉಮಿ. ಉಮಿಯಲ್ಲೂ ಎರಡು ಬಗೆ ಇದೆ. ಸಣ್ಣ ಹಳೆಯ ಮಿಲ್ಲುಗಳಲ್ಲಿ ಉಮಿ ಮತ್ತು ತೌಡು ಒಟ್ಟಿಗೇ ಬೀಳುತ್ತದೆ. ಅದನ್ನು ಹಾಗೇ ಹಾಸಿದರೆ ಮರಿಗಳು ತೌಡಿಗೆ ಅಂತ ಕೆದಕಿ ಕೆದಕಿ ತಿನ್ನುತ್ತವೆ. ಸ್ವಲ್ಪ ನೀರು ಬಿದ್ದರೂ ಅದೇ ತೌಡಿಗೆ ಬೂಸ್ಟು ಬರುತ್ತದೆ. ಗೆರಸೆಯಲ್ಲಿ ಗೇರಿ, ತೌಡು ತೆಗೆದು ಬರೀ ಉಮಿ ಇಟ್ಟುಕೊಳ್ಳಿ. ಎರಡು ಬೆರಳು ದಪ್ಪ ಸಾಕು.

ಬೂಸ್ಟಿನ ವಿಷಯ ಬಂದದ್ದರಿಂದ ಹೇಳುತ್ತೇನೆ, ಏಕೆಂದರೆ ನಿಮ್ಮ ಮರಿಗಳು ಬರುವುದು ಜುಲೈಯಲ್ಲಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಒಂದು ವರ್ಷ ನಾನು ಉಮಿ ಚೀಲವನ್ನು ಹಟ್ಟಿಯ ಮೂಲೆಯಲ್ಲಿ ಇಟ್ಟಿದ್ದೆ. ಮುಟ್ಟಿದರೆ ಒಣಗಿದ ಹಾಗೇ ಇತ್ತು. ವಾಸನೆ ಮಾತ್ರ ಹಳೆಯ ಮಣ್ಣಿನ ಹಾಗೆ. ಅದನ್ನೇ ಹಾಸಿದೆ. ನಾಲ್ಕೈದು ದಿನದಲ್ಲಿ ಮರಿಗಳು ಕತ್ತು ಎತ್ತಿ, ಬಾಯಿ ತೆರೆದು ಉಸಿರಾಡತೊಡಗಿದವು. ಶೀತದ ಹಾಗೆ ಮೂಗು ಸೋರುವುದಿಲ್ಲ, ಗೊರಗೊರ ಸದ್ದೂ ಇಲ್ಲ, ಸುಮ್ನೆ ಬಾಯಿ ತೆರೆಯುವುದು. ಸತ್ತ ಮರಿಯನ್ನು ಮೃಗಾಸ್ಪತ್ರೆಗೆ ಒಯ್ದೆ. ಡಾಕ್ಟರು ಕೊಯ್ದು ಶ್ವಾಸಕೋಶದಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಗಂಟುಗಳನ್ನು ತೋರಿಸಿದರು. ಆಸ್ಪರ್ಜಿಲ್ಲಸ್ ಎಂಬ ಬೂಸ್ಟು, ಹಾಸಿಗೆಯಿಂದಲೇ ಬಂದದ್ದು. ಬ್ರೂಡರ್ ನ್ಯುಮೋನಿಯಾ ಅನ್ನುತ್ತಾರೆ. ಇಷ್ಟು ಸಣ್ಣ ಮರಿಗೆ ಕೊಡುವಂಥ ಮದ್ದು ಇಲ್ಲ, ಹಾಸಿಗೆ ತೆಗೆದು ಬಿಸಾಡಿ ಅಂದರು. ಅರ್ಧಕ್ಕರ್ಧ ಮರಿ ಹೋಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ, ಮಳೆ ಶುರುವಾಗುವ ಮುಂಚೆ ಬರುವ ತುಳುನಾಡಿನ ಆಚರಣೆಯ ದಿನ) ಮುಂಚೆ ಉಮಿ ಒಣಗಿಸಿ ಅಟ್ಟಕ್ಕೆ ಏರಿಸುವುದು ರೂಢಿ. ಅಡಿಕೆ ಒಣಗಿಸಿದ ಅಂಗಳದಲ್ಲೇ ಎರಡು ಬಿಸಿಲು ಕೊಟ್ಟು, ಒಳಗೆ ಪ್ಲಾಸ್ಟಿಕ್ ಇರುವ ಚೀಲದಲ್ಲಿ ಕಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ನೀವು ಈಗ ತರುವುದಾದರೆ ಚೀಲದೊಳಗೆ ಕೈ ಹಾಕಿ ನಡುವಿನಿಂದ ಒಂದು ಹಿಡಿ ತೆಗೆದು ಮೂಸಿ. ಮಣ್ಣು ವಾಸನೆ ಬಂದರೆ ಅಂಗಡಿಯವನಿಗೇ ಬಿಟ್ಟು ಬನ್ನಿ. ತೆಂಗಿನ ನಾರಿನ ಹುಡಿಯನ್ನು ನಾನು ಬೇಡ ಅನ್ನುವುದೂ ಇದಕ್ಕೇ. ಬೇಸಿಗೆಯಲ್ಲಿ ಪರವಾಗಿಲ್ಲ, ಮಳೆಗಾಲದಲ್ಲಿ ಅದು ಸ್ಪಂಜು. ಗಾಳಿಯ ತೇವವನ್ನೂ ಕುಡಿಯುತ್ತದೆ.

ಹಾಸಿದ ಮೇಲೆ ಪರೀಕ್ಷೆ ಸುಲಭ. ಒಂದು ಹಿಡಿ ಉಮಿ ತೆಗೆದು ಗಟ್ಟಿಯಾಗಿ ಹಿಂಡಿ. ಕೈ ಬಿಟ್ಟ ಮೇಲೂ ಉಂಡೆಯಾಗೇ ಉಳಿದರೆ ಒದ್ದೆ ಜಾಸ್ತಿ, ಬದಲಾಯಿಸಿ. ಇನ್ನೊಂದು, ನಿಂತು ಮೂಸಬೇಡಿ. ಬಗ್ಗಿ, ಮರಿಯ ಮಟ್ಟಕ್ಕೆ ಮುಖ ತಂದು ಮೂಸಿ. ಅಲ್ಲಿ ಕಣ್ಣು ಉರಿದರೆ ಮರಿಗಳು ದಿನವಿಡೀ ಅದರಲ್ಲೇ ಇವೆ ಅಂತ ಅರ್ಥ. ಹಾಸಿಗೆ ಒದ್ದೆಯಾಗುವುದು ಹೆಚ್ಚಾಗಿ ನೀರಿನ ತಟ್ಟೆಯ ಸುತ್ತ. ತಟ್ಟೆಯಲ್ಲಿ ಗೋಲಿಯಷ್ಟು ದೊಡ್ಡ ಕಲ್ಲು ತುಂಬಿಸಿ. ಇಲ್ಲದಿದ್ದರೆ ಮರಿ ಅದರಲ್ಲೇ ಬಿದ್ದು ಮುಳುಗುತ್ತದೆ, ತಮಾಷೆ ಅಲ್ಲ. ತಟ್ಟೆಯ ಅಡಿಗೆ ಒಂದು ಹಂಚಿನ ತುಂಡು ಇಟ್ಟರೆ ಚೆಲ್ಲಿದ ನೀರು ಉಮಿಗೆ ಇಳಿಯುವುದು ಕಡಿಮೆ. ಸುಣ್ಣದ ಹುಡಿ ಹಾಕಿ ಒಣಗಿಸಿ ಅಂತ ಯಾರಾದರೂ ಹೇಳಿದರೆ ಮರಿ ಇರುವಾಗ ಹಾಕಬೇಡಿ, ಪಾದ ಸುಡುತ್ತದೆ.

ಬಲ್ಬು ಮತ್ತು ಉಮಿಯ ನಡುವೆ ಒಂದು ಅಡಿಗಿಂತ ಕಡಿಮೆ ಬೇಡ. ವಯರಿನಲ್ಲೇ ನೇತು ಹಾಕಬೇಡಿ, ತಂತಿಯಿಂದ ಬೇರೆ ಕಟ್ಟಿ. ಬಿದ್ದರೆ ಒಣ ಉಮಿ ಹೊತ್ತಿಕೊಳ್ಳುತ್ತದೆ.

50 ಮರಿಗೆ ಎರಡು ಅಡಿ ಅಗಲ, ಮೂರು ಅಡಿ ಉದ್ದದ ಪೆಟ್ಟಿಗೆ ಎರಡು ವಾರಕ್ಕೆ ಸಾಕು. ಹತ್ತು ದಿನ ಕಳೆದರೆ ಹಾರಲು ನೋಡುತ್ತವೆ, ಮೇಲೆ ಬಲೆ ಮುಚ್ಚಿ. ಬೈರಾಸು ದಿನಕ್ಕೆ ಎರಡು ಸಲ ಬದಲಾಯಿಸಬೇಕಾಗುತ್ತದೆ. ಮಳೆಯಲ್ಲಿ ಒಗೆದದ್ದು ಒಣಗುವುದಿಲ್ಲವಾದ್ದರಿಂದ ಏಳೆಂಟಾದರೂ ಹಳೆಯ ಬೈರಾಸು ಈಗಲೇ ಒಟ್ಟು ಮಾಡಿ ಇಡಿ. ಮನೆಯವರನ್ನು ಕೇಳಿ ತೆಗೆದುಕೊಳ್ಳಿ. ನಾನು ಕೇಳದೆ ತೆಗೆದ ಒಂದು ಬೈರಾಸಿನ ವಿಚಾರ ಇವತ್ತಿಗೂ ನಮ್ಮ ಅತ್ತೆ ಬಿಟ್ಟಿಲ್ಲ.